ಒಂಬೈನೂರರೊಳಗಿನ ಐನೂರು

ಜೂನ್ 10, ಸೋಮವಾರ

ಈ ನೋಟ್‌ಬುಕ್ಕು ನಮ್ಮವರು ಕೊಟ್ಟದ್ದು. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಅಕ್ಷರದ ಮೊಳೆ ಜೋಡಿಸಿ ನಿವೃತ್ತರಾದವರು, ಮನೆಯಲ್ಲಿ ಖಾಲಿ ಕಾಗದಕ್ಕೆ ಬರವಿಲ್ಲ. ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಬಯ್ಯಲು ಶುರು ಮಾಡಿದ್ದೆ. ಅರ್ಧ ಗಂಟೆ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಇದನ್ನು ತಂದು ಮುಂದಿಟ್ಟು, "ಇದರೊಳಗೆ ಬಯ್ಯಿ, ನನ್ನ ಕಿವಿಗೆ ಸ್ವಲ್ಪ ರಜಾ ಕೊಡು" ಅಂದರು.

ಸರಿ, ಬಯ್ಯುತ್ತೇನೆ.

ಇಪ್ಪತ್ತಾರು ವರ್ಷದಿಂದ ಮೂರನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ನನ್ನ ಮಕ್ಕಳು ಮಗ್ಗಿ ಒಪ್ಪಿಸಿದರೆ ಬೀದಿಯ ಕೊನೆಗೆ ಕೇಳಿಸುತ್ತದೆ. ಇವತ್ತು ಹೆಡ್‌ಮಾಸ್ಟರು ತಮ್ಮ ಕೋಣೆಗೆ ಕರೆಸಿದರು. ಎ ವಿಭಾಗದ ಮೇಷ್ಟ್ರು ಆಗಲೇ ಬಂದು ಕೂತಿದ್ದ. ಮಾತಾಡಿದರೆ ಕರಗಿ ಹೋಗುತ್ತಾನೇನೋ ಅನ್ನಿಸುವಷ್ಟು ಮೃದು, ಅದಕ್ಕೇ ನಾನು ಇಟ್ಟ ಹೆಸರು ಬೆಣ್ಣೆ ಮೇಷ್ಟ್ರು. ಪಕ್ಕದಲ್ಲಿ ಒಬ್ಬಳು ಹುಡುಗಿ. ಮೂವತ್ತು ದಾಟಿರಲಾರದು. ಕುತ್ತಿಗೆಗೆ ಓಟದ ಸ್ಪರ್ಧೆಯಲ್ಲಿ ಹಿಡಿಯುವಂಥ ಸ್ಟಾಪ್‌ವಾಚು. ಮಕ್ಕಳು ಲೆಕ್ಕ ಹೇಗೆ ಕಲಿಯುತ್ತಾರೆ ಅಂತ ಸಂಶೋಧನೆ ಮಾಡುತ್ತಾಳಂತೆ.

"ಎ ವಿಭಾಗದಲ್ಲಿ ಹನ್ನೆರಡು ವಾರ ಹೊಸ ರೀತಿಯಲ್ಲಿ ಪಾಠ ನಡೆಯುತ್ತೆ ಮೇಡಂ. ಬಿ ವಿಭಾಗದಲ್ಲಿ ನೀವು ಯಾವಾಗ್ಲೂ ಮಾಡೋ ಹಾಗೇ ಮಾಡಿ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ."

"ಅಂದ್ರೆ ನಾನು ಹಳೇದು."

"ಹಾಗಲ್ಲ ಮೇಡಂ. ಹೋಲಿಕೆ ಗುಂಪು ಅಂತೀವಿ."

ಹೋಲಿಕೆ ಗುಂಪಂತೆ. ಹೊಲದ ಬೆರ್ಚಪ್ಪನಿಗಾದರೂ ಹಕ್ಕಿ ಓಡಿಸುವ ಕೆಲಸ ಇರುತ್ತದೆ. ನನಗೆ ಅದೂ ಇಲ್ಲ, ಪಕ್ಕದವನು ಎಷ್ಟೆತ್ತರ ಬೆಳೆದ ಅಂತ ಅಳೆಯಲು ನಾನು ಸುಮ್ಮನೆ ನಿಂತಿರಬೇಕು. ಒಂದು ಹಾಳೆಗೆ ಸಹಿಯನ್ನೂ ಹಾಕಿಸಿಕೊಂಡಳು: ಹನ್ನೆರಡು ವಾರ ನನ್ನ ಪಾಠದಲ್ಲಿ ಏನನ್ನೂ ಬದಲಾಯಿಸುವುದಿಲ್ಲ ಅಂತ. ಬದಲಾಯಿಸಿದರೆ ಅವಳ ಎರಡು ವರ್ಷದ ದುಡಿಮೆ ನೀರುಪಾಲು. ಎಲ್ಲ ಸರಿಯಾಗಿ ನಡೆದು ಹೊಸ ರೀತಿ ಮೇಲು ಅಂತ ಕಂಡರೆ ನಲವತ್ತು ಶಾಲೆಗಳಿಗೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು.

"ಬದಲಾಯಿಸು ಅಂತ ಕಾಲಿಗೆ ಬಿದ್ರೂ ಬದಲಾಯಿಸೋಳಲ್ಲ ನಾನು" ಅಂತ ಹೇಳಿ ಸಹಿ ಗೀಚಿದೆ.

ಈ ಪುಸ್ತಕದಲ್ಲಿ ಅವಳ ಹೆಸರು ಗಡಿಯಾರ. ಕೆಲಸಕ್ಕೆ ಬಾರದ, ಅಧಿಕಪ್ರಸಂಗಿ ಗಡಿಯಾರ.

ಜೂನ್ 12, ಬುಧವಾರ

ಮೊದಲ ಪರೀಕ್ಷೆ. ಹತ್ತು ಲೆಕ್ಕ ಹಾಳೆಯ ಮೇಲೆ, ಹತ್ತು ಬಾಯಲ್ಲಿ. ಗಡಿಯಾರ ಲೆಕ್ಕ ಹೇಳುತ್ತಾ ಹೋದಳು, ಮಕ್ಕಳು ಬರೆದುಕೊಂಡು ಮಾಡಿದರು. ಇಪ್ಪತ್ತಕ್ಕೆ ಸರಾಸರಿ, ಎ ವಿಭಾಗ ಹತ್ತು, ನಮ್ಮದು ಹನ್ನೊಂದು. ಬೆಣ್ಣೆ ಮೇಷ್ಟ್ರ ಮುಖವನ್ನು ಒಮ್ಮೆ ನೋಡಿ ಬಂದೆ, ಅಷ್ಟೆ.

ನಮ್ಮಲ್ಲಿ ಸರಾಸರಿಯನ್ನು ಕೆಳಗೆ ಎಳೆದವಳು ಮಿಡತೆ. ಎರಡನೇ ಬೆಂಚಿನ ಹುಡುಗಿ, ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ತರಗತಿಯೆಲ್ಲ ಮಿಡತೆ ಅನ್ನುತ್ತದೆ. ಮಗ್ಗಿ ಗಡಗಡ ಹೇಳುತ್ತಾಳೆ, ಲೆಕ್ಕ ಕೊಟ್ಟರೆ ಮಣ್ಣು ಮುಕ್ಕುತ್ತಾಳೆ. ಬಾಯಿಲೆಕ್ಕದಲ್ಲಿ ಒಂಬೈನೂರರಲ್ಲಿ ನಾನೂರು ಕಳೆದರೆ ನೂರು ಅಂತ ಬರೆದಿದ್ದಳು. ಗಮನ ಇಲ್ಲ, ಅಷ್ಟೇ. ಅಡಿಪಟ್ಟಿಯಿಂದ ಮೇಜಿಗೆ ಎರಡು ಬಡಿದು ಗಮನ ಬರಿಸಿದೆ.

ಜೂನ್ 18, ಮಂಗಳವಾರ

ಎರಡು ಕೋಣೆಗಳ ನಡುವೆ ಇರುವುದು ಗೋಡೆಯಲ್ಲ, ಹಲಗೆ. ಆ ಕಡೆ ಸೀನಿದರೆ ಈ ಕಡೆ ಕರವಸ್ತ್ರ ಹುಡುಕುತ್ತಾರೆ. ಬೇಡ ಅಂದರೂ ಕೇಳಿಸುತ್ತದೆ.

ಅವನ ಪಾಠ ಶುರುವಾಗುವುದು ಪಾಠದಿಂದಲ್ಲ. ಮಕ್ಕಳು ಪುಸ್ತಕ ಮುಚ್ಚಿ, ಹೋದ ವಾರ ಕಲಿತದ್ದನ್ನು ಸ್ಲೇಟಿನ ಮೇಲೆ ನೆನಪಿನಿಂದ ಬರೆಯಬೇಕಂತೆ. ಅದಕ್ಕೆ ಅಂಕ ಇಲ್ಲ, ಬೈಗುಳವೂ ಇಲ್ಲ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ಮರೆತದ್ದನ್ನು ತಲೆಯಿಂದ ಎಳೆದು ತೆಗೆಯುವಾಗಲೇ ಅದು ಗಟ್ಟಿಯಾಗುತ್ತದೆ ಅಂತ ಗಡಿಯಾರ ಅವನಿಗೆ ಹೇಳುತ್ತಿದ್ದಳು. ಆಮೇಲೆ ಯಾರಾದರೂ ಉತ್ತರ ಹೇಳಿದರೆ ಸರಿ, ತಪ್ಪು ಅನ್ನುವುದಿಲ್ಲ. "ಹೇಗೆ ಬಂತು?" ಅನ್ನುತ್ತಾನೆ. ಸರಿ ಹೇಳಿದವನಿಗೂ ಅದೇ ಪ್ರಶ್ನೆ. ಸರಿ ಬಂದವನನ್ನು ಹಾಗೆ ಕೆಣಕಿದರೆ ಅವನಿಗೇ ಅನುಮಾನ ಹತ್ತಿಕೊಳ್ಳುವುದಿಲ್ಲವೇ?

ಅಷ್ಟು ಹೊತ್ತಿಗೆ ನಾನು ಹನ್ನೆರಡು ಲೆಕ್ಕ ಮುಗಿಸಿದ್ದೆ. ಅವರು ಎರಡು. ಎರಡಕ್ಕೇ ನಗು ಬೇರೆ. ಲೆಕ್ಕದಲ್ಲಿ ನಗುವಂಥದ್ದು ಏನಿರುತ್ತದೋ ಕಾಣೆ.

ಜೂನ್ 21, ಶುಕ್ರವಾರ

ನನ್ನ ಕುರ್ಚಿಯನ್ನು ಹಲಗೆಯ ಪಕ್ಕಕ್ಕೆ ಸರಿಸಿದೆ. ಅಲ್ಲಿ ಗಾಳಿ ಚೆನ್ನಾಗಿದೆ.

ಜುಲೈ 1, ಸೋಮವಾರ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಹತ್ತು ದಿನದ ಹಿಂದೆ ಕಳೆಯುವ ಲೆಕ್ಕ ಇಪ್ಪತ್ತು ಮಾಡಿಸಿದ್ದೆ, ಎಲ್ಲ ಒಂದೇ ಥರದ್ದು. ಇಪ್ಪತ್ತಕ್ಕೆ ಇಪ್ಪತ್ತು ಸರಿ ಮಾಡಿದವರು ತುಂಬ ಜನ. ಹೊಸ ರೀತಿಯ ಬಡಾಯಿ ಎಷ್ಟು ಪೊಳ್ಳು ಅಂತ ನನಗೇ ಖಾತ್ರಿಯಾಗಲಿ ಅಂತ ಇವತ್ತು ಪುಸ್ತಕ ಮುಚ್ಚಿಸಿ ಅದೇ ಥರದ ಐದು ಲೆಕ್ಕ ಕೊಟ್ಟೆ. ನಡುವೆ ಕೂಡುವುದು ಎರಡು ಸೇರಿಸಿದೆ.

ಮೂವತ್ತನಾಲ್ಕರಲ್ಲಿ ಎಲ್ಲ ಸರಿ ಮಾಡಿದ್ದು ಒಂಬತ್ತು ಮಕ್ಕಳು. ಉಳಿದವರು ಕೂಡುವುದನ್ನೂ ಕಳೆದಿದ್ದಾರೆ. ಇಪ್ಪತ್ತು ಕಳೆದ ಮೇಲೆ ಇಪ್ಪತ್ತೊಂದನೆಯದನ್ನೂ ಕಳೆಯಲು ಕೈಗೆ ರೂಢಿಯಾಗಿತ್ತು, ತಲೆಗೆ ಏನೂ ಆಗಿರಲಿಲ್ಲ. ನನಗೆ ಅಳು ಬರುವ ಹಾಗಾಯಿತು. ಮಕ್ಕಳ ಮೇಲೆ ಕೂಗಾಡಿದೆ.

ಇದು ಪರೀಕ್ಷೆ, ಪಾಠವಲ್ಲ. ಹಾಗಾಗಿ ಬದಲಾವಣೆ ಅಲ್ಲ.

ಜುಲೈ 5, ಶುಕ್ರವಾರ

ಈ ವಾರ ಪ್ರತಿದಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿದೆ. ಐದೇ ನಿಮಿಷ. ನಲವತ್ತು ನಿಮಿಷದ ಪಾಠದಲ್ಲಿ ಐದು ನಿಮಿಷ ಮಕ್ಕಳು ಏನು ಮಾಡಿದರೂ ಅದಕ್ಕೆ ರೀತಿ ಅಂತ ಹೆಸರಿಡಬೇಕಾಗಿಲ್ಲ. ಸಹಿ ಹಾಕಿದ ಹಾಳೆಯಲ್ಲಿ ನಿಮಿಷದ ಮಾತು ಎಲ್ಲೂ ಇರಲಿಲ್ಲ.

ಗಡಿಯಾರ ವರಾಂಡದಲ್ಲಿ ಹಾದುಹೋದಳು. ಮಕ್ಕಳಿಗೆ ಮಗ್ಗಿ ಹೇಳಿ ಅಂದೆ, ಹೇಳಿದರು. ಅವಳು ಕಿಟಕಿಯಿಂದ ನೋಡಿ ನಕ್ಕು ಹೋದಳು.

ಜುಲೈ 11, ಗುರುವಾರ

ಇವತ್ತು ಆದದ್ದನ್ನು ಸರಿಯಾಗಿ ಬರೆದಿಡಬೇಕು.

ಬಾಯಿಲೆಕ್ಕ ಕೊಡುತ್ತಿದ್ದೆ. ಒಂಬೈನೂರ ಮೂವತ್ತಕ್ಕೆ ಇಪ್ಪತ್ತು ಕೂಡಿಸಿ. ಮಿಡತೆ ಐನೂರ ಐವತ್ತು ಬರೆದಳು. ಕೆಂಪು ಪೆನ್ನು ಎತ್ತಿದ್ದೆ. ಅದೇ ಹೊತ್ತಿಗೆ ಹಲಗೆಯ ಆಚೆಯಿಂದ ಬೆಣ್ಣೆ ಮೇಷ್ಟ್ರ ಧ್ವನಿ, "ಹೇಗೆ ಬಂತು?" ಅಂತ. ಬಾಯಿ ತಪ್ಪಿ ನಾನೂ ಅದನ್ನೇ ಅಂದುಬಿಟ್ಟೆ.

"ಐನೂರ ಮೂವತ್ತಕ್ಕೆ ಇಪ್ಪತ್ತು ಸೇರಿಸ್ದೆ ಮಿಸ್."

"ನಾನು ಐನೂರು ಅಂದ್ನಾ?"

"ಹ್ಞೂಂ. ಒಂಬೈನೂರು ಅಂದ್ರಿ."

"ಒಂಬೈನೂರು ಅಂದ್ರೆ ಐನೂರಾ?"

ಅವಳು ನನ್ನನ್ನೇ ದಡ್ಡಿ ಅನ್ನುವ ಹಾಗೆ ನೋಡಿದಳು. "ಒಳಗೇ ಇದೆಯಲ್ಲ ಮಿಸ್. ಒಂಬ್, ಐನೂರು. ಒಂದು ಐನೂರು. ಎರಡು ಐನೂರು ಆದ್ರೆ ಸಾವಿರ."

ನಾನು ಮನಸ್ಸಿನಲ್ಲೇ ಒಂಬೈನೂರು, ಒಂಬೈನೂರು ಅಂತ ಹೇಳಿಕೊಂಡೆ. ಹೌದು. ಒಳಗೆ ಐನೂರು ಕೂತಿದೆ. ಐವತ್ತೆರಡು ವರ್ಷದಿಂದ ಈ ಪದ ಬಾಯಲ್ಲಿ ಆಡಿಸಿದ್ದೇನೆ, ಒಂದು ದಿನವೂ ಕೇಳಿಸಿಲ್ಲ.

"ಸರಿ, ಆರುನೂರರಿಂದ ಮುಂದೆ ಹೇಳು ನೋಡೋಣ."

"ಆರುನೂರು ಏಳುನೂರು ಎಂಟುನೂರು ಒಂಬೈನೂರು ಸಾವಿರ" ಅಂತ ಒಂದೇ ಉಸಿರಿಗೆ ಹಾಡಿದಳು. ಹಾಡುವಾಗ ಅದು ತನ್ನ ಜಾಗದಲ್ಲೇ ಇದೆ. ಹಾಡಿನಿಂದ ಹೊರಗೆ ತೆಗೆದರೆ ಐನೂರಾಗುತ್ತದೆ. ಇವಳು ಗಮನ ಕೊಡದವಳಲ್ಲ. ನಾನು ಹೇಳಿದ್ದನ್ನು ತರಗತಿಯಲ್ಲಿ ಎಲ್ಲರಿಗಿಂತ ಗಮನವಿಟ್ಟು ಕೇಳಿಸಿಕೊಂಡವಳು ಇವಳೇ. ಜೂನ್‌ನಲ್ಲಿ ಒಂಬೈನೂರರಲ್ಲಿ ನಾನೂರು ಕಳೆದು ನೂರು ಬರೆದದ್ದೂ ಅವಳು ಕೇಳಿಸಿಕೊಂಡ ಲೆಕ್ಕಕ್ಕೆ ಸರಿಯಾದ ಉತ್ತರವೇ. ಅದಕ್ಕೆ ನಾನು ಅಡಿಪಟ್ಟಿಯಿಂದ ಮೇಜು ಬಡಿದಿದ್ದೆ.

ಒಂಬತ್ತು ಸ್ಲೇಟು ತರಿಸಿ ಒಂದೊಂದರ ಮೇಲೂ ನೂರು ಅಂತ ಬರೆಸಿ ಗೋಡೆಗೆ ಒರಗಿಸಿದೆ. ಎಲ್ಲರೂ ಕೂಡಿ ಎಣಿಸಿದರು. ಒಂದು ನೂರು, ಎರಡು ನೂರು, ಹಾಗೇ ಒಂಬತ್ತು ನೂರು. "ಇದನ್ನೇ ದೊಡ್ಡವರು ಅವಸರದಲ್ಲಿ ಒಂಬೈನೂರು ಅಂತಾರೆ" ಅಂದೆ. ಮಿಡತೆ ಬೆಂಚಿನ ಮೇಲೆ ಹತ್ತಿ ನಿಂತಳು. "ಹಾಗಾದ್ರೆ ಮೊದಲೇ ಹೇಳ್ಬೇಕಿತ್ತು ಮಿಸ್" ಅಂದಳು. ಇಳಿ ಅನ್ನಲೂ ತೋಚಲಿಲ್ಲ.

ಜುಲೈ 12, ಶುಕ್ರವಾರ

ಇನ್ನೂ ಮೂವರು ಸಿಕ್ಕರು. ಯಾರಿಗೂ ಹೇಳದೆ ಐನೂರು ಅಂತಲೇ ನಂಬಿಕೊಂಡಿದ್ದವರು. ಒಟ್ಟು ನಾಲ್ಕು.

ಚಹಾ ಕುಡಿಯುವಾಗ ನಮ್ಮವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಒಂದು ಅಕ್ಷರ ಒಂದು ಸಲ ತಪ್ಪು ಬಿದ್ರೆ ಅದು ಕೈತಪ್ಪು. ಅದೇ ಅಕ್ಷರ ಪುಟದಲ್ಲಿ ಹತ್ತು ಕಡೆ ತಪ್ಪು ಬಿದ್ರೆ, ಯಾರೋ ಆ ಮೊಳೆನ ಪೆಟ್ಟಿಗೇಲಿ ಬೇರೆ ಅಕ್ಷರದ ಮನೆಗೆ ಹಾಕಿಟ್ಟಿದ್ದಾರೆ ಅಂತ ಅರ್ಥ. ಆಗ ಕಂಪೋಸಿಂಗ್ ಮಾಡೋನ್ನ ಬಯ್ದು ಏನುಪಯೋಗ? ಮೊಳೆ ಪೆಟ್ಟಿಗೆ ನೋಡ್ಬೇಕು."

ವರ್ಷಕ್ಕೆ ನಾಲ್ಕು ಅಂತ ಹಿಡಿದರೂ ಇಪ್ಪತ್ತಾರು ವರ್ಷಕ್ಕೆ ಸುಮಾರು ನೂರು ಮಕ್ಕಳು. ನೂರು ಮಕ್ಕಳಿಗೆ ಗಮನ ಇಲ್ಲ ಅಂತ ಹೇಳಿ ಕಳಿಸಿದ್ದೇನೆ. ಅವರು ಎಲ್ಲಿದ್ದಾರೋ, ತಮಗೆ ಲೆಕ್ಕ ಬರುವುದಿಲ್ಲ ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾರೋ ಏನೋ.

ಜುಲೈ 19, ಶುಕ್ರವಾರ

ನಡುವಿನ ಪರೀಕ್ಷೆ. ಎ ಹದಿಮೂರು. ನಮ್ಮದೂ ಹದಿಮೂರು.

ಗಡಿಯಾರ ಹಾಳೆಗಳನ್ನು ಎರಡು ಸಲ ಎಣಿಸಿದಳು. "ಮೇಡಂ, ನೀವು ಪಾಠದಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ನಾನೇನು ಬದಲಾಯಿಸ್ತೀನಿ? ನನಗೆ ಬರೋದು ಒಂದೇ" ಅಂದೆ.

ಅವಳು ಕ್ಷಮಿಸಿ ಮೇಡಂ, ಕೇಳಲೇಬೇಕಿತ್ತು ಅಂದಳು. ಸುಳ್ಳು ಹೇಳಿದವಳ ಕ್ಷಮೆ ಕೇಳಿದಳು. ಪುಟ ತಿರುಗಿಸಿ ನೋಡಿದರೆ ನಾನು ಬದಲಾಯಿಸಿದ್ದು ಅಂತ ಏನೂ ದೊಡ್ಡದಿಲ್ಲ. ಐದು ನಿಮಿಷ, ಒಂದು ಪ್ರಶ್ನೆ, ಒಂಬತ್ತು ಸ್ಲೇಟು. ಅಷ್ಟಕ್ಕೆ ಯಾರ ಎರಡು ವರ್ಷವೂ ಮುಳುಗುವುದಿಲ್ಲ.

ಜುಲೈ 26, ಶುಕ್ರವಾರ

ಹಲಗೆಯಾಚೆ ಬೆಣ್ಣೆ ಮೇಷ್ಟ್ರು ಬಾಯಿಲೆಕ್ಕ ಕೊಡುತ್ತಿದ್ದ. ಒಂಬೈನೂರು ಬಂತು. ಒಂದು ಮಗು ಐನೂರು ಇಟ್ಟುಕೊಂಡು ಉತ್ತರ ಹೇಳಿತು. "ಹೇಗೆ ಬಂತು?" ಕೇಳಿದ. ಮಗು ಗಾಬರಿಯಾಗಿ ಸುಮ್ಮನಾಯಿತು. "ಇನ್ನೊಂದ್ಸಲ ಸರಿಯಾಗಿ ಕೇಳಿಸ್ಕೋ ಪುಟ್ಟಾ" ಅಂದ.

ಅಯ್ಯೋ, ಅದು ಸರಿಯಾಗಿಯೇ ಕೇಳಿಸಿಕೊಂಡಿದೆ ಕಣಯ್ಯ ಅಂತ ಕೂಗಬೇಕು ಅನ್ನಿಸಿತು. ಕೂಗಿದರೆ ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಕೂತೆ. ಕೂರಲಾಗದೆ ಎದ್ದು ಕಿಟಕಿಯ ಬಳಿ ಹೋದೆ, ಅಲ್ಲಿಯೂ ನಿಲ್ಲಲಾಗಲಿಲ್ಲ. "ಮಿಸ್ ಕೂಡ ಮಿಡತೆ" ಅಂತ ಯಾರೋ ಪಿಸುಗುಟ್ಟಿದರು. ಕೇಳಿಸದ ಹಾಗೆ ಇದ್ದೆ.

ಆಗಸ್ಟ್ 6, ಮಂಗಳವಾರ

ಅಡಿಪಟ್ಟಿ ಮೂರು ದಿನದಿಂದ ಕಾಣುತ್ತಿಲ್ಲ. ಕೇಳಿದರೆ, ನೆಲದ ಮೇಲೆ ಸೊನ್ನೆಯಿಂದ ಸಾವಿರದವರೆಗೆ ಗೆರೆ ಎಳೆಯಲು ನಾನೇ ಕೊಟ್ಟಿದ್ದೆನಂತೆ. ಇದ್ದರೂ ಇರಬಹುದು. ಆ ಗೆರೆಯ ಮೇಲೆ ಮಕ್ಕಳು ಓಡಾಡುತ್ತಾರೆ, ಲೆಕ್ಕ ಮಾಡುವ ಮೊದಲು ಉತ್ತರ ಸುಮಾರು ಎಲ್ಲಿ ಬರುತ್ತದೆ ಅಂತ ಹೋಗಿ ನಿಲ್ಲಬೇಕು. ಮಿಡತೆ ಒಂಬೈನೂರರ ಮೇಲೆ ನಿಂತು, ಐನೂರರ ಮೇಲೆ ನಿಂತವನಿಗೆ "ಇದು ಬರೀ ಸದ್ದು ಕಣೋ, ಒಳಗೆ ನೋಡ್ಬೇಡ" ಅಂತ ಪಾಠ ಹೇಳುತ್ತಿದ್ದಳು.

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಏನಮ್ಮಾ, ನಿಮ್ಮ ಕ್ಲಾಸಿಂದ ನಗು ಕೇಳಿಸ್ತಿದೆ, ಹುಷಾರಾಗಿದ್ದೀರಾ?" ಅಂದರು. ನಗುವಂಥದ್ದು ಇದ್ದರೆ ನಗುತ್ತಾರೆ, ಅದಕ್ಕೇನು ಅಂದೆ.

ನಾನು ಇಪ್ಪತ್ತಾರು ವರ್ಷದಿಂದ ಹೇಗಿದ್ದೆನೋ ಹಾಗೇ ಇದ್ದೇನೆ. ಮಕ್ಕಳು ಈ ವರ್ಷ ಸ್ವಲ್ಪ ಚುರುಕು.

ಆಗಸ್ಟ್ 14, ಬುಧವಾರ

ಮಲಗಿದರೆ ಸಹಿ ಹಾಕಿದ ಹಾಳೆಯೇ ಕಣ್ಣ ಮುಂದೆ. ಇವತ್ತಿನಿಂದ ಹಳೆಯ ರೀತಿ ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಒಂದೇ ಥರದ ಇಪ್ಪತ್ತು ಲೆಕ್ಕ ಬೋರ್ಡಿನ ಮೇಲೆ ಬರೆದೆ. ಎಂಟನೆಯದಕ್ಕೆ ಬರುವಾಗ ಮಿಡತೆ ಕೈ ಎತ್ತಿದಳು.

"ಮಿಸ್, ನಮ್ಮ ಮೇಲೆ ಕೋಪಾನಾ?"

"ಯಾಕೆ?"

"ಹೇಗೆ ಬಂತು ಅಂತ ಕೇಳ್ತಾನೇ ಇಲ್ಲ."

ಬೋರ್ಡು ಒರೆಸಿದೆ.

ಆಗಸ್ಟ್ 30, ಶುಕ್ರವಾರ

ಕೊನೆಯ ಪರೀಕ್ಷೆ. ಎ ಹದಿನೈದು, ಬಿ ಹದಿನೈದು. ಮಿಡತೆಗೆ ಹದಿನೇಳು. ಹದಿನೇಳು ನೋಡಿದಾಗ ಖುಷಿಯಾಯಿತು. ಗಡಿಯಾರದ ಮುಖ ನೋಡಿ ಆ ಹಾಳೆಯನ್ನು ಕಟ್ಟಿನ ಅಡಿಗೆ ಸರಿಸಿದೆ.

ಸೆಪ್ಟೆಂಬರ್ 3, ಮಂಗಳವಾರ

ಆ ಹುಡುಗಿ ಟೀಚರುಗಳ ಕೋಣೆಯ ಮೂಲೆಯಲ್ಲಿ ಒಬ್ಬಳೇ ಕೂತು ವರದಿ ಬರೆಯುತ್ತಿದ್ದಳು. ನಾನು ಹಾಜರಿ ಪುಸ್ತಕ ಇಡಲು ಹೋಗಿದ್ದೆ. ಕುತ್ತಿಗೆಯಲ್ಲಿ ಸ್ಟಾಪ್‌ವಾಚು ಇರಲಿಲ್ಲ. ಕಣ್ಣು ಕೆಂಪಗಿತ್ತು.

"ಮುಗೀತಾ?" ಅಂದೆ.

ಅವಳು ಹಾಳೆಯನ್ನೇ ನನ್ನ ಕಡೆ ತಿರುಗಿಸಿದಳು. ಹೊಸ ರೀತಿಯಿಂದ ಎ ವಿಭಾಗಕ್ಕೆ ಹೇಳಿಕೊಳ್ಳುವಂಥ ಲಾಭ ಕಂಡುಬಂದಿಲ್ಲ ಅಂತ ಬರೆದಿತ್ತು. ಸೋಮವಾರ ಕಳಿಸಬೇಕಂತೆ. ಕಳಿಸಿದ ಮೇಲೆ ನಲವತ್ತು ಶಾಲೆಗಳ ಯೋಜನೆ ಮುಚ್ಚುತ್ತದೆ.

"ನಾನು ತಪ್ಪು ತಿಳ್ಕೊಂಡಿದ್ದೆ ಅನ್ಸುತ್ತೆ ಮೇಡಂ. ನೀವು ಹಳೇ ರೀತೀಲೇ ಇಷ್ಟು ಚೆನ್ನಾಗಿ ಕಲಿಸಿದ್ರಿ. ಮಾತು ಕೊಟ್ಟ ಹಾಗೆ ಏನೂ ಬದಲಾಯಿಸ್ಲಿಲ್ಲ. ಎಷ್ಟೋ ಜನ ಮಧ್ಯದಲ್ಲಿ ಏನೇನೋ ಮಾಡಿಬಿಡ್ತಾರೆ. ನೀವು ಮಾಡ್ಲಿಲ್ಲ, ಅದಕ್ಕೆ ಥ್ಯಾಂಕ್ಸ್."

ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಏನೋ ಗೊಣಗಿ ಹೊರಗೆ ಬಂದೆ.

ಸೆಪ್ಟೆಂಬರ್ 4, ಬುಧವಾರ

ಹೇಳಿದರೆ ಏನಾಗುತ್ತದೆ ಅಂತ ಯೋಚಿಸಿದೆ. ಸಹಿ ಹಾಕಿ ಮಾತು ಮುರಿದವಳು, ಕೇಳಿದಾಗ ಮುಖ ನೋಡಿ ಸುಳ್ಳು ಹೇಳಿದವಳು ಅಂತ ಹೆಸರು ಬರುತ್ತದೆ. ಹೆಡ್‌ಮಾಸ್ಟರ ಮುಂದೆ ತಲೆ ತಗ್ಗಿಸಬೇಕು. ಬೆಣ್ಣೆ ಮೇಷ್ಟ್ರು ಏನೂ ಅನ್ನುವುದಿಲ್ಲ, ಅದು ಇನ್ನೂ ಕಷ್ಟ. ಹೇಳದಿದ್ದರೆ ನಲವತ್ತು ಶಾಲೆಗಳ ಮಕ್ಕಳು ನನ್ನ ಹಳೆಯ ಇಪ್ಪತ್ತು ಲೆಕ್ಕಗಳಲ್ಲೇ ಕೊಳೆಯುತ್ತಾರೆ. ಆ ಶಾಲೆಗಳಲ್ಲೂ ತರಗತಿಗೆ ನಾಲ್ಕು ಮಿಡತೆಗಳು ಇರುತ್ತಾರಲ್ಲ.

ಬಟ್ಟೆ ಮಡಚುತ್ತಾ ನಮ್ಮವರಿಗೆ ಎಲ್ಲ ಹೇಳಿದೆ. ಇಷ್ಟು ದಿನ ಈ ಪುಸ್ತಕಕ್ಕೆ ಮಾತ್ರ ಹೇಳಿದ್ದು. ಅವರು ಬಯ್ಯಲಿಲ್ಲ.

"ವರದಿ ಹೋಯ್ತಾ?"

"ಸೋಮವಾರ ಹೋಗುತ್ತೆ."

"ಇನ್ನೂ ಅಚ್ಚಾಗಿಲ್ಲ ತಾನೇ? ಹಾಗಾದ್ರೆ ಕರಡಲ್ಲೇ ಇದೆ. ತಿದ್ದು."

"ಹೇಳಿದ್ರೆ ಸಾಕಾ? ಯಾವತ್ತು ಏನು ಮಾಡ್ದೆ ಅಂತ ಅವಳು ಕೇಳ್ತಾಳೆ. ನನಗೆ ನೆನಪಿರಲ್ಲ."

ಅವರು ಈ ಪುಸ್ತಕದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿ ಟವೆಲ್ಲು ಮಡಚತೊಡಗಿದರು.

ಸೆಪ್ಟೆಂಬರ್ 5, ಗುರುವಾರ, ಶಾಲೆಗೆ ಹೊರಡುವ ಮೊದಲು

ಈ ಪುಸ್ತಕವನ್ನು ಅವಳಿಗೆ ಕೊಡಬೇಕು, ಅದಕ್ಕೆ ಮುಂಚೆ ಮೊದಲ ಪುಟ ಕತ್ತರಿಸಬೇಕು ಅಂತ ಬೆಳಿಗ್ಗೆ ಕತ್ತರಿ ಹಿಡಿದು ಕೂತಿದ್ದೆ. ಅಧಿಕಪ್ರಸಂಗಿ, ಕೆಲಸಕ್ಕೆ ಬಾರದ್ದು ಅಂತೆಲ್ಲ ಅಲ್ಲೇ ಇದೆ. ಆದರೆ ನಾನು ಏನೆಂದು ಸಹಿ ಹಾಕಿದೆ ಅನ್ನುವುದೂ ಅಲ್ಲೇ ಇದೆ. ಒಂದು ಪುಟ ಹೋದರೆ ಉಳಿದವುಗಳ ಮೇಲೆ ಅವಳಿಗೆ ನಂಬಿಕೆ ಏಕೆ ಬರಬೇಕು?

ಮಗಳೇ, ಇದನ್ನು ಓದುವಾಗ ನಿನಗೆ ಕೋಪ ಬರುತ್ತದೆ. ಬರಲಿ. ತಾರೀಖುಗಳನ್ನು ಮಾತ್ರ ನೋಡಿಕೋ. ಅವು ಸರಿಯಾಗಿವೆ.

ಸೆಪ್ಟೆಂಬರ್ 13, ಶುಕ್ರವಾರ

ಪುಸ್ತಕ ಇವತ್ತು ವಾಪಸು ಬಂತು.

ಕೊಟ್ಟ ದಿನ ಅವಳು ನಿಂತುಕೊಂಡೇ ನಾಲ್ಕು ಪುಟ ಓದಿದಳು. ಮುಖ ಬಿಳಿಚಿಕೊಂಡಿತು. "ನನ್ನ ಒಂದು ವರ್ಷ ಹೋಯ್ತು ಮೇಡಂ" ಅಂದಳು. ಕೂಗಲಿಲ್ಲ. ಇನ್ನೊಂದು ಶಾಲೆಯಲ್ಲಿ ಎಲ್ಲವನ್ನೂ ಮೊದಲಿಂದ ಮಾಡಬೇಕು, ಒಂದು ವರ್ಷ ಹೆಚ್ಚಿಗೆ ಕೊಡಿ ಅಂತ ಮೇಲಿನವರಲ್ಲಿ ಬೇಡಿಕೊಳ್ಳಬೇಕು. ತಪ್ಪಾಯಿತು ಅಂದೆ. ಅಷ್ಟು ಹೇಳಲು ನನಗೆ ಐವತ್ತೆರಡು ವರ್ಷ ಬೇಕಾಯಿತು. ಹೆಡ್‌ಮಾಸ್ಟರು ಲಿಖಿತ ವಿವರಣೆ ಕೇಳಿದ್ದಾರೆ, ಕೊಡುತ್ತೇನೆ.

ಆ ಸೋಮವಾರ ವರದಿ ಹೋಗಲಿಲ್ಲ. ವರ್ಷ ಸಿಕ್ಕಿತು. ಸಿಕ್ಕಿದ್ದು ಈ ಪುಸ್ತಕದಿಂದ ಅಂತ ಇವತ್ತು ಹೇಳಿದಳು. ಕೂಡುವುದನ್ನು ಕಳೆದ ದಿನ, ಸ್ಲೇಟಿನ ದಿನ, ಗೆರೆಯ ದಿನ, ಎಲ್ಲಕ್ಕೂ ಪೆನ್ಸಿಲ್ ಗುರುತು ಹಾಕಿದ್ದಾಳೆ. ಒಂಬೈನೂರರ ಪುಟದಲ್ಲಿ ಬದಿಗೆ ಸಣ್ಣದಾಗಿ ಬರೆದಿದ್ದಾಳೆ: "ಮೂರು ಪರೀಕ್ಷೆಯಲ್ಲೂ ಇದು ನನ್ನ ಕಣ್ಣ ಮುಂದೆ ಇತ್ತು. ತಪ್ಪು ಎಷ್ಟು ಅಂತ ಎಣಿಸಿದೆ, ಯಾವುದು ಅಂತ ನೋಡಲಿಲ್ಲ." ಅವಳು ಓದಿದ ಸಂಶೋಧನೆ ಎಲ್ಲ ಬೇರೆ ಬೇರೆ ಭಾಷೆಯ ಮಕ್ಕಳದ್ದಂತೆ. ಆ ಮಕ್ಕಳ ಒಂಬೈನೂರರೊಳಗೆ ಐನೂರು ಇರಲಿಲ್ಲ.

ಮೊದಲ ಪುಟದಲ್ಲಿ ಅಧಿಕಪ್ರಸಂಗಿ ಗಡಿಯಾರ ಅನ್ನುವುದರ ಕೆಳಗೂ ಗೆರೆ ಎಳೆದಿದ್ದಾಳೆ. ಪಕ್ಕದಲ್ಲಿ, "ಹೇಗೆ ಬಂತು?" ಓದಿ ನಾಚಿಕೆಯಾಯಿತು. ನಗುವೂ ಬಂತು.

"ಮುಂದಿನ ಸಲಕ್ಕೂ ಹೋಲಿಕೆ ಗುಂಪು ಬೇಕಲ್ಲ, ನಮ್ಮ ತರಗತಿಯನ್ನೇ ಇಟ್ಕೋ. ಈ ಸಲ ಮಾತು ತಪ್ಪಲ್ಲ" ಅಂದೆ.

"ಆಗಲ್ಲ ಮೇಡಂ. ನೀವಿನ್ನು ಹೋಲಿಕೆ ಗುಂಪು ಆಗೋಕೆ ಸಾಧ್ಯಾನೇ ಇಲ್ಲ."

ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ. ನಾನೇನು ಅಷ್ಟು ಬದಲಾಗಿದ್ದೇನೆಯೇ ಅಂತ ನಮ್ಮವರನ್ನು ಕೇಳಬೇಕು.

ಮಧ್ಯಾಹ್ನ ಬೆಣ್ಣೆ ಮೇಷ್ಟ್ರು ತನ್ನ ತರಗತಿಗೆ ಕರೆದ. "ಅಕ್ಕಾ, ಆ ಒಂಬೈನೂರು ನೀವೇ ಹೇಳಿಕೊಡಿ" ಅಂದ. ಹಲಗೆಯ ಆ ಕಡೆಗೆ ಹೋದದ್ದು ಇದೇ ಮೊದಲು. ಒಂಬೈನೂರರಲ್ಲಿ ನಾನೂರು ಕಳೆಯಿರಿ ಅಂದೆ. ಐದು ಸ್ಲೇಟುಗಳ ಮೇಲೆ ನೂರು ಬಂತು. ಬರೆದವರು ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ನನ್ನ ಕೈ ನೋಡುತ್ತಿದ್ದರು, ಬಿ ವಿಭಾಗದ ಮಿಸ್ ಅಂದರೆ ಅಡಿಪಟ್ಟಿ ಅಂತ ಅವರಿಗೂ ಗೊತ್ತು. ಕೆಂಪು ಪೆನ್ನು ಹುಡುಕಿದೆ, ತಂದಿರಲಿಲ್ಲ. ಮುಂದಿನ ಬೆಂಚಿನ ಮಗುವಿನ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಕೂತೆ. ಹೇಗೆ ಬಂತು ಅಂತ ಕೇಳಿದೆ. ಅದು ಹೇಳಿತು. ಆಮೇಲೆ ಪಕ್ಕದವಳನ್ನು, ಅವಳ ಹಿಂದಿನವನನ್ನು, ಹೀಗೇ ಐದೂ ಮಕ್ಕಳನ್ನು ಕೇಳುತ್ತಾ ಹೋದೆ. ಗಂಟೆ ಹೊಡೆದು ಎಷ್ಟು ಹೊತ್ತಾಗಿತ್ತೋ ಏನೋ, ಹಲಗೆಯ ಆಚೆಯಿಂದ ಮಿಡತೆ ಕೂಗಿದಳು, "ಮಿಸ್, ನಮಗೂ ನೀವು ಬೇಕು."